ಐದಕ್ಕೆ ಮೂರು

“ಬೇವರ್ಸಿಗಳಾ, ಅದನ್ನು ಎದುರಿಗೇ ತೂಗು ಹಾಕ್ಲಿಕ್ಕೆ ಯಾರು ಹೇಳಿದ್ದು ಮಾರಾಯ್ರೆ? ಇಳಿಸಿ, ಯಲ್ಲಾ, ಬೇಗ.”

ಸೂಪರ್‌ವೈಸರ್ ವ್ಯಾಲೆಂಟೈನ್ ಉಡುಪಿಯವನು. ಬೈಯುವಾಗಲೂ ಮಾರಾಯ್ರೆ ಬಿಡುವುದಿಲ್ಲ, ಅಷ್ಟು ಮರ್ಯಾದಸ್ಥ. ಕೊಲ್ಲಿ ದೇಶದ ಮೆಸಯೀದ್‌ನಲ್ಲಿ ಕಂಪನಿಯ ಹೊಸ ಹಾಲ್, ಅದರಲ್ಲಿ ಅಮೆರಿಕದ ಇತಿಹಾಸದ ಪ್ರದರ್ಶನ. ನಾಲ್ಕು ಗಂಟೆಗೆ ಅಮೆರಿಕದವರೇ ಆದ ದೊಡ್ಡ ಸಾಹೇಬರು ಬರುವವರಿದ್ದರು. ಅಧ್ಯಕ್ಷರ ಪಟಗಳೆಲ್ಲ ಇರಲಿ, ಹತ್ತಿ ಬಿಡಿಸುವ ಗುಲಾಮರ ಚಿತ್ರ ಬೇಡ, ಸಾಹೇಬರಿಗೆ ಮುಜುಗರವಾಗುತ್ತದೆ ಎಂದು ಮೇಲಿನಿಂದ ಫೋನು ಬಂದಿತ್ತು.

ಚಿತ್ರಕ್ಕೆ ದಪ್ಪ ಗಾಜು. ಬೆಳಿಗ್ಗೆ ನಾವು ಐವರು ಹೆಗಲು ಕೊಟ್ಟು ಏರಿಸಿದ್ದೆವು. ಎಲ್ಲರೂ ರಾಯಚೂರು ಕಡೆಯವರು, ಹತ್ತಿ ಬಿಡಿಸಿದ ಕೈಗಳೇ. ಚಿತ್ರದ ಹೆಂಗಸು ಚೀಲ ನೇತುಹಾಕಿಕೊಂಡಿದ್ದಳು; ನಮ್ಮವರು ಸೀರೆಯ ಉಡಿ ಕಟ್ಟುತ್ತಾರೆ, ಅಷ್ಟೇ ಫರಕು. ಕೆಳಗಿನ ಬರಹವನ್ನು ಆಫೀಸಿನ ಬೆನಿಟಾ ಮೇಡಂ ಓದಿ ಹೇಳಿದ್ದರು. ಆ ದೇಶದ ಕಾನೂನು ಐವರು ಗುಲಾಮರನ್ನು ಮೂವರೆಂದು ಎಣಿಸುತ್ತಿತ್ತಂತೆ. ವೋಟು ಅವರಲ್ಲಿ ಒಬ್ಬರಿಗೂ ಇಲ್ಲ. ಆ ಎಣಿಕೆಯ ಮೇಲೆ ಪಾರ್ಲಿಮೆಂಟಿನಲ್ಲಿ ಹೆಚ್ಚಿನ ಸೀಟು ಸಿಕ್ಕಿದ್ದು ಧಣಿಗಳಿಗೆ. ಪಕ್ಕದ ಪಟಗಳ ಅಧ್ಯಕ್ಷರಲ್ಲಿ ಹಲವರು ಅಂಥ ಧಣಿಗಳೇ.

ನಮಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಹಿಂದಿನ ದಿನ ನಾವಿರುವ ಕ್ಯಾಂಪಿಗೆ ಲೇಬರ್ ಇನ್ಸ್‌ಪೆಕ್ಟರ್ ಬಂದಾಗ, ಜನ ಹೆಚ್ಚಿದ್ದರೆ ಕಂಪನಿಗೆ ದಂಡ ಬೀಳುತ್ತದೆಂದು, ನಮ್ಮ ಕೋಣೆಯಲ್ಲಿ ಮೂರೇ ಜನ ಎಂದು ವ್ಯಾಲೆಂಟೈನ್ ಬರೆಸಿದ್ದ. ಉಳಿದಿಬ್ಬರು, ಅಂದರೆ ನಾನು ಮತ್ತು ಬಸವಲಿಂಗ, ನೀರಿನ ಟ್ಯಾಂಕಿನ ಹಿಂದೆ ಬಿಸಿಲಿನಲ್ಲಿ ಅಡಗಿದ್ದೆವು. ಬಸವಲಿಂಗ ಸದ್ದಾಗದಂತೆ ವಾಂತಿ ಮಾಡಿಕೊಂಡ.

ಹಾಲಸಿದ್ದಪ್ಪ ನಮ್ಮಲ್ಲಿ ಹಿರಿಯ. ಹೆಂಡತಿ ನೀಲಗಂಗಾಳ ಗರ್ಭಕೋಶದ ಆಪರೇಷನ್ನಿಗೆಂದು ಗುರುವಾರ ಊರಿಗೆ ಹೊರಡಬೇಕು. ರಜೆಯ ಕಾಗದ ವ್ಯಾಲೆಂಟೈನ್‌ನ ಜೇಬಿನಲ್ಲಿತ್ತು, ಸಹಿ ಬಾಕಿ. ಹಾಗಾಗಿ ಅವನು ತುಟಿ ಪಿಟಕ್ಕೆನ್ನಲಾರ ಎಂದುಕೊಂಡಿದ್ದೆವು.

ಹಾಲಸಿದ್ದಪ್ಪ ಗಾಜಿನ ಒಂದು ಮೂಲೆ ಹಿಡಿದ. ಆಮೇಲೆ ಬಿಟ್ಟ. ನನಗೂ ಬಸವಲಿಂಗನಿಗೂ ಕೂತುಕೊಳ್ಳಲು ಸನ್ನೆ ಮಾಡಿದ. ಕೂತೆವು.

“ಇಳಸಾಕ ಆಗಂಗಿಲ್ರಿ ಸರ,” ಎಂದ. “ಇದು ಐದು ಮಂದಿ ಎತ್ತೋದು. ನಾವು ಮೂರ ಮಂದಿ ಅದೀವಿ. ನಿನ್ನಿ ನೀವ ಬರಸೀರಿ.”

ವ್ಯಾಲೆಂಟೈನ್ ಕಾಗದ ಹೊರತೆಗೆದು ಬೀಸಿ ತೋರಿಸಿದ. “ರಜೆ ಬೇಡ್ವಾ ನಿನಗೆ?”

“ಬೇಕ್ರಿ. ಇನ್ಸ್‌ಪೆಕ್ಟರಗ ಫೋನ್ ಹಚ್ಚಿ, ಐದು ಅಂತ ಹೇಳ್ರಿ. ಈಗ ಇಳಸ್ತೀವಿ.”

“ಖಲಾಸ್,” ಎಂದು ವ್ಯಾಲೆಂಟೈನ್ ಕಾಗದವನ್ನು ಚೂರುಚೂರಾಗಿ ಹರಿದು ನೆಲಕ್ಕೆ ಚೆಲ್ಲಿದ. ತಾನೇ ಹೋಗಿ ಗಾಜಿಗೆ ಹೆಗಲು ಕೊಟ್ಟ. ಅದು ಅಲುಗಲಿಲ್ಲ.

ಹೊರಗೆ ಕಾರುಗಳ ಬಾಗಿಲು ಹಾಕಿದ ಸದ್ದಾಯಿತು. ಹಾಲಸಿದ್ದಪ್ಪ ಅಂಗಿಯ ಚುಂಗನ್ನು ಉಡಿ ಮಾಡಿ ಹಿಡಿದು, ಚಿತ್ರದ ಕೆಳಗೆ ಬಗ್ಗಿ, ಬಿಳಿ ಚೂರುಗಳನ್ನು ಒಂದೊಂದಾಗಿ ಆಯ್ದು ತುಂಬಿಕೊಳ್ಳುತ್ತಿದ್ದ.