ಕುರಿಮಾಂಸದ ಪಕ್ಕದ ಸೀಸೆ

ಕೊಳೆತ ಅನಾನಸಿನ ವಾಸನೆ, ಎಲ್ಲಿಂದ ಬರುತ್ತಿದೆ ಇದು, ಚಾಪೆಯ ಮೇಲೆ ಹಣ್ಣೇ ಇಲ್ಲವಲ್ಲ, ಸುಟ್ಟ ಹಂದಿಯಿದೆ, ಗೆಣಸಿದೆ, ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಕುರಿಮಾಂಸದಿಂದ ತೆಂಗಿನಹಾಲು ಸೋರುತ್ತಿದೆ — ಅಯ್ಯೋ, ಇದು ಫಿಫಿತಾಳ ಬಾಯಿಂದ, ನನ್ನ ತೊಡೆಯ ಮೇಲೆ ತಲೆಯಿಟ್ಟಿರುವ ನನ್ನ ಮಗಳ ಉಸಿರಿನಿಂದ, ಅಮ್ಮಾ ನೀರು, ಇನ್ನೂ ನೀರು, ಇಗರ್ಜಿಯಲ್ಲೂ ಇದೇ, ಕೀರ್ತನೆಯ ನಡುವೆ ಎದ್ದು ಹೊರಗೆ ಓಡಿ ವಾಂತಿ ಮಾಡಿಕೊಂಡಳು, ಬಿಸಿಲಿಗೆ ಎಂದುಕೊಂಡೆ, ಎಂಥ ಬಿಸಿಲು ಮಣ್ಣು, ಇನ್ಸುಲಿನ್ ನಿನ್ನೆಯೂ ಚುಚ್ಚಿದ್ದೇನೆ, ಇವತ್ತು ಬೆಳಿಗ್ಗೆಯೂ ಚುಚ್ಚಿದ್ದೇನೆ, ಆದರೂ ಈ ವಾಸನೆ, ಸಕ್ಕರೆ ದಕ್ಕದೆ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುವಾಗ ಬರುವ ವಾಸನೆ, ಇದನ್ನೇ ಅಲ್ಲವೆ ನಾನು ವಿಜ್ಞಾನದ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡು ಹೇಳುವುದು, ರಕ್ತದ ತುಂಬ ಸಕ್ಕರೆ, ಜೀವಕೋಶಕ್ಕೆ ಮಾತ್ರ ಉಪವಾಸ, ಬಾಗಿಲು ತೆಗೆಸುವುದು ಇನ್ಸುಲಿನ್, ಅದಿಲ್ಲದಿದ್ದರೆ ತುಂಬಿದ ಅಂಗಡಿಯ ಮುಂದೆ ಹಸಿದು ಸತ್ತ ಹಾಗೆ, ಹಾಗಾದರೆ ನಾನು ಚುಚ್ಚಿದ್ದಾದರೂ ಏನನ್ನು, ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದೆನಲ್ಲ ಎರಡು ಸೀಸೆ, ಈ ದ್ವೀಪದಲ್ಲಿ ಇರುವುದೇ ಆ ಎರಡು, ಫ್ರಿಜ್ಜಲ್ಲಿದ್ದ ಔಷಧ ಯಾರಾದ್ರೂ ಮುಟ್ಟಿದ್ರಾ, ಕೇಳಿದ್ದು ನಾನೇ, ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ಚಾಪೆಯ ತಲೆಯ ಕಡೆ ಕೂತಿದ್ದಾಳೆ ಕಲೋಲೈನೆ, ನನ್ನ ಗಂಡನ ಅಕ್ಕ, ಶುಕ್ರವಾರದ ಹಡಗಿನಲ್ಲಿ ರಾಜಧಾನಿಯಿಂದ ಬಂದಿಳಿದವಳು, ನನ್ನ ಮಗಳಿಗೆ ಸೋದರತ್ತೆ, ಎಂದರೆ ಫಾಹು, ಎಂದರೆ ಹಂದಿಯ ಮೊದಲ ತುಂಡು ಅವಳಿಗೆ, ಮೆತ್ತನೆಯ ಚಾಪೆ ಅವಳಿಗೆ, ಅವಳು ಹೇಳಿದ ಮೇಲೆ ಅಪ್ಪನೂ ಇಲ್ಲ ಅಮ್ಮನೂ ಇಲ್ಲ, ನಗುತ್ತಾಳೆ, ನಾನೇ ಕಣೇ ಟೀಚರಮ್ಮ, ಮಗೂ ಜೀವದ ಔಷಧಾನ ನೀನು ಸಾಸ್ ಬಾಟ್ಲಿ ಪಕ್ಕ ನಿಲ್ಸಿದ್ದೆ, ನಾನು ಬಂದ ರಾತ್ರೀನೇ ಎರಡನ್ನೂ ಒಳ್ಳೇ ಜಾಗ ನೋಡಿ ಮೇಲೆ ಐಸಲ್ಲಿ ಹಬ್ಬದ ಮಾಂಸದ ಪಕ್ಕ ಇಟ್ಟೆ, ಕಲ್ಲಾಗಿತ್ತು, ನಿನ್ನೆ ಬೆಳಿಗ್ಗೆ ಬಿಸಿನೀರಲ್ಲಿ ಕರಗ್ಸಿ ವಾಪಸ್ ಇಟ್ಟೆ, ನಿಂಗೊತ್ತೇ ಆಗ್ಲಿಲ್ಲ ನೋಡು! — ಕಲ್ಲಾಗಿತ್ತು, ಕುರಿಮಾಂಸದ ಪಕ್ಕ, ಹಿಮ ಮೆತ್ತಿದ ಮೂಳೆಗಳ ಪಕ್ಕ ನನ್ನ ಮಗಳ ಸೀಸೆ, ಕ್ಲಾಸಿನಲ್ಲಿ ಕಪ್ಪೆಚಿಪ್ಪಿನ ಸರವನ್ನು ಮಡಿಸಿ ಮಡಿಸಿ ಮಕ್ಕಳಿಗೆ ತೋರಿಸುತ್ತೇನೆ, ನೋಡಿ, ಇನ್ಸುಲಿನ್ನಿನಂಥ ಪ್ರೊಟೀನು ಬರೀ ಸರ ಅಲ್ಲ, ಮಡಿಕೆ ಸರಿ ಇದ್ದರೆ ಮಾತ್ರ ಬಾಗಿಲು ತೆಗೆಯುತ್ತದೆ, ಹೆಪ್ಪುಗಟ್ಟಿದರೆ ಕಣ್ಣಿಗೆ ಕಾಣದ ಗಂಟಾಗುತ್ತದೆ, ಕರಗಿಸಿದರೂ ಬಿಡುವುದಿಲ್ಲ — ಇದನ್ನೆಲ್ಲ ಇವಳಿಗೆ ಹೇಗೆ ಹೇಳಲಿ, ಕೆಟ್ಟುಹೋಗಿದೆ ಅಕ್ಕ ಅದು, ಅಯ್ಯೋ ಮಾಂಸ ಕೆಡ್ಲಿಲ್ಲ, ಔಷಧ ಹೇಗೇ ಕೆಡುತ್ತೆ, ಸುತ್ತಲಿದ್ದವರೆಲ್ಲ ನಕ್ಕರು, ನಗಲಿ, ಆಚೆ ದ್ವೀಪಕ್ಕೆ, ಪಾಂಗಾಯಿ ಆಸ್ಪತ್ರೆಗೆ ಹೋಗ್ಬೇಕು ಈಗ್ಲೇ, ದೇವರ ದಿನ, ಭಾನುವಾರ ದೋಣಿ ಇಳಿಸೋದುಂಟೇನಮ್ಮ, ಇದು ಪಾದ್ರಿಯವರು, ಬಾಯಲ್ಲಿ ಹಂದಿಯ ಚರ್ಮ ಕರಕರ ಎನ್ನುತ್ತಿದೆ, ಪ್ರಾರ್ಥನೆ ಮಾಡೋಣ, ನಾಳೆ ಬೆಳಿಗ್ಗೆ ನೋಡೋಣ, ಇವರ ನಾಳೆಗೆ ಬೆಂಕಿ ಹಾಕ.

ಪೆನಿ, ರೀ, ಪೆನಿ, ಗಂಡ ಜಗಲಿಯಲ್ಲಿದ್ದಾನೆ, ಅಕ್ಕ ಕೂತ ಕೋಣೆಯೊಳಗೆ ತಮ್ಮ ಕಾಲಿಡುವಂತಿಲ್ಲ, ದೋಣಿ ಅವನದು, ಮಗಳು ಅವನವಳು, ಬಾಗಿಲಾಚೆಯಿಂದ ಹೇಳುತ್ತಾನೆ, ಅಕ್ಕನ್ನ ಒಂದ್ಮಾತು ಕೇಳೇ — ಅಕ್ಕನ್ನ ಕೇಳಬೇಕಂತೆ, ಒಂಬತ್ತು ತಿಂಗಳು ಹೊತ್ತವಳು ನಾನು, ದಿನಾ ಸೂಜಿ ಚುಚ್ಚಿ ಅವಳ ಜೊತೆ ಅಳುವವಳು ನಾನು, ಮಗಳು ಉಳಿಯಬೇಕೋ ಬೇಡವೋ ಎಂದು ಅಪ್ಪಣೆ ಕೇಳಬೇಕಾದ್ದು ಅವಳ ಔಷಧವನ್ನು ಮಾಂಸದ ಪಕ್ಕ ಇಟ್ಟವಳನ್ನು, ನಾಚಿಕೆಯಾಗಬೇಕು ಇವರಿಗೆಲ್ಲ, ಎದ್ದೆ, ಫಾಹು ಕೂತಿರುವಾಗ ಎದ್ದು ನಿಂತೆ, ಯಾರೋ ಹಾ ಎಂದರು, ಮಗಳನ್ನೆತ್ತಿಕೊಂಡು ಊಟದ ನಡುವೆಯೇ ನಡೆದೆ, ಕಾಲಿಗೆ ತೆಂಗಿನಹಾಲು, ಕಲೋಲೈನೆಯ ಮುಖಕ್ಕೆ ಮಗುವಿನ ಬಾಯಿ ಹಿಡಿದೆ, ಮೂಸಿ ಅಕ್ಕ, ದೊಡ್ಡವರಲ್ವಾ ನೀವು, ಮೂಸಿ ನೋಡಿ ಹೇಳಿ ನಾಳೆ ಹೋಗ್ಬೋದಾ ಅಂತ, ಎಷ್ಟು ಸೊಕ್ಕೇ ನಿಂಗೆ ಎನ್ನಲು ಬಾಯಿ ತೆರೆದವಳು ಉಸಿರೆಳೆದಳು, ಮುಚ್ಚಲಿಲ್ಲ ಬಾಯಿ, ಅಪ್ಪ, ಎಂದಳು, ಅಪ್ಪ ಹೋದ ದಿನ ಇದೇ ವಾಸ್ನೆ, ನಾವು ಹಣ್ಣು ಕೊಳೆತಿದೆ ಅಂತ ಮನೆಯೆಲ್ಲ ಹುಡುಕಿದ್ವಿ.

ಪೆನೀ, ದೋಣಿ ಇಳಿಸೋ, ಅಷ್ಟೇ, ಕಲೋಲೈನೆಯ ಒಂದೇ ಕೂಗು, ಪಾದ್ರಿಯವರೂ ಎದ್ದು ಪಂಚೆ ಎತ್ತಿಕಟ್ಟಿ ದೋಣಿ ತಳ್ಳಲು ಬಂದರು, ಭಾನುವಾರ ಎಲ್ಲಿ ಹೋಯಿತು ಸ್ವಾಮೀ, ನಾನು ಕೂಗಿದ್ದು ಕೂಗಲ್ಲವೇ, ಖುಷಿಪಡಬೇಕು ನಾನು, ಎಲ್ಲಿಂದ ಪಡಲಿ, ಮೋಟಾರು ಗುರ್ ಎನ್ನುತ್ತದೆ, ಉಪ್ಪುನೀರು ಮುಖಕ್ಕೆ, ಫಿಫಿತಾ ಈಗ ನೀರು ಕೇಳುತ್ತಿಲ್ಲ, ಕೇಳೇ ಚಿನ್ನ, ನೀರು ಕೇಳೇ, ಉಸಿರು ಮಾತ್ರ ಆಳಕ್ಕೆ ಆಳಕ್ಕೆ, ಪಾಂಗಾಯಿಯ ತಗಡಿನ ಮಾಡುಗಳು ಇನ್ನೂ ಕಾಣುತ್ತಿಲ್ಲ, ಎದುರಿಗೆ ಕಲೋಲೈನೆ, ಬೇಡವೆಂದರೂ ಹತ್ತಿದಳು, ತಮ್ಮನ ದೋಣಿಯಲ್ಲಿ ಅವನಿಗೆ ಬೆನ್ನು ಹಾಕಿ ಕೂತಿದ್ದಾಳೆ, ಮುಷ್ಟಿ ಬಿಚ್ಚಿ ತೋರಿಸುತ್ತಾಳೆ, ಸೀಸೆ, ಬಿಸಿಲಿಗೆ ಹಿಡಿಯುತ್ತಾಳೆ, ಏನೂ ಕಾಣಲ್ವಲ್ಲೇ, ಚೆನ್ನಾಗೇ ಇದೆಯಲ್ಲೇ ನೋಡೋಕೆ, ಬಾಯಿ ತೆರೆದರೆ ಅವಳನ್ನು ಕಡಲಿಗೆ ತಳ್ಳಿಬಿಡುತ್ತೇನೆ, ಮಗಳ ಎದೆ ಏರುತ್ತದೆ, ಇಳಿಯುತ್ತದೆ, ಏರುತ್ತದೆ, ಕಲೋಲೈನೆಯ ಕೈಯಲ್ಲಿ ಸೀಸೆ, ಹಿಮ ಮೆತ್ತಿದ ಮೂಳೆಗಳ ಪಕ್ಕ ಸೀಸೆ, ತಿಳಿಯಾಗಿ, ನೀರಿನ ಹಾಗೆ, ಸೀಸೆ —