ಒಲೆಗೊಂದು ಓಟು

ನಮ್ಮ ಶೆಡ್ಡುಗಳಿಗೆ ನೀರಿನ ಟ್ಯಾಂಕರು ಬೆಳಿಗ್ಗೆ ಆರಕ್ಕೆ ಬರಬೇಕೋ, ಹತ್ತಕ್ಕೆ ಬರಬೇಕೋ ನೀವೇ ಹೇಳಿ ಎಂದು ಗುತ್ತೇದಾರ ಹೇಳಿ ಕಳಿಸಿದ್ದ. ಬರುವುದು ದಿನಕ್ಕೊಮ್ಮೆ, ನಿಲ್ಲುವುದು ಅರ್ಧ ಗಂಟೆ. ಏಳಕ್ಕೇ ನಾನು ಪಟ್ಟಣದಂಚಿನ ಈ ವಾಘೋಲಿಯಿಂದ ಒಳಗಿನ ಶಿವಾಜಿನಗರದ ಬಸ್ಸು ಹತ್ತಿ ಮನೆಗೆಲಸಕ್ಕೆ ಹೋಗುತ್ತೇನೆ. ಇಟ್ಟಿಗೆ ಹೊರುವಾಗ ಬಿದ್ದ ಮೇಲೆ ಅವ್ವ ಕೊಡ ಎತ್ತುವಂತಿಲ್ಲ. ಹತ್ತು ಗೆದ್ದರೆ ನಾನು ಕೆಲಸ ಬಿಡಬೇಕು, ಇಲ್ಲವೇ ನೀರು ಬಿಡಬೇಕು.

"ಸೋಮವಾರ ಸಂಜಿಗಿ ಓಟು," ಎಂದರು ಅಂಬಾರಾಯ ಕಾಕಾ. ನಮ್ಮನ್ನೆಲ್ಲ ಕಲಬುರಗಿ ಕಡೆಯಿಂದ ಗಡಿ ದಾಟಿಸಿ ಇಲ್ಲಿಗೆ ಕೆಲಸಕ್ಕೆ ಕರೆತಂದ ಮುಕಾದಮ ಅವರು. "ಒಲಿಗೊಂದು ಓಟು. ಊರಾಗ ಮನಿ ಎಣಿಸೋದು ಒಲಿ ಮ್ಯಾಲೇ ಅಲ್ಲೇನು?"

ನಾನು ಮನಸ್ಸಿನಲ್ಲೇ ಎಣಿಸಿದೆ. ಇದ್ದದ್ದು ಇಪ್ಪತ್ತೊಂದು ಒಲೆ. ಆರಕ್ಕೆ ಬೇಕೆನ್ನುವವು ಒಂಬತ್ತು. ಉಳಿದ ಹನ್ನೆರಡು ಹತ್ತರ ಕಡೆ. ಅವರಲ್ಲಿ ಹೆಚ್ಚಿನವರು ಗೌರಾಬಾಯಿಯಂತೆ ರಾಂಜಣಗಾಂವದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಒಂಬತ್ತಕ್ಕೆ ಶೆಡ್ಡಿಗೆ ಬರುವವರು.

ಶನಿವಾರ ನೀರಜಾ ಮೇಡಂ ಮನೆಯಲ್ಲಿ ನೆಲ ಒರೆಸುತ್ತಿದ್ದೆ. ಅವರು ಬೆಂಗಳೂರಿನವರು, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾರೆ. ಆರನೆಯ ತರಗತಿಗೇ ಶಾಲೆ ಬಿಟ್ಟ ನಾನು ಅವರನ್ನು ಏನೂ ಕೇಳಿದವಳಲ್ಲ. ಆವತ್ತು ಟ್ಯಾಂಕರಿನ ಕತೆಯೆಲ್ಲ ಹೇಳಿ ಕೇಳಿಬಿಟ್ಟೆ.

"ಒಲಿಗೊಂದು ಓಟು ಅಂದ್ರ ಖರೇ ಏನ್ರಿ ಮೇಡಂ?"

ಅವರು ಚಹದ ಕಪ್ಪು ಕೆಳಗಿಟ್ಟರು. "ಒಲೆಗಾ? ಇಂಟರೆಸ್ಟಿಂಗ್! ತಪ್ಪು ಅದು. ತಲೆಗೊಂದು ಓಟು ಇರ್ಬೇಕು." ಮತ್ತೆ ಕಪ್ಪು ಎತ್ತಿಕೊಂಡರು. "ಆದ್ರೆ ಹೆಚ್ಚು ಓಟು ಬಂತು ಅಂತ ಸೋತವ್ರ ನೀರು ಕಿತ್ಕೊಳ್ಳೋ ಹಾಗಿಲ್ಲ. ಗಣರಾಜ್ಯ ಅಂದ್ರೆ ಅದೂ ಬೇಕು. ಇನ್ನು ಕೆಲವ್ರು, ಬರೀ ಓಟು ಸಾಲದು, ಮೊದ್ಲು ಕೂತು ಮಾತಾಡಿ ಅಂತಾರೆ. ಹಳೇ ಗ್ರೀಸ್‌ನಲ್ಲಿ ಚೀಟಿ ಎತ್ತಿ ಅಧಿಕಾರ ಕೊಡ್ತಿದ್ರು, ಗೊತ್ತಾ?"

"ಇದ್ರಾಗ ಯಾವುದು ಖರೇ ರೀ?"

"ಅದೇ ಇನ್ನೂ ಡಿಬೇಟು ಕಣೇ! ಎರಡು ಸಾವಿರ ವರ್ಷದಿಂದ ನಡೀತಿದೆ," ಎಂದು ನಕ್ಕರು.

ನಮ್ಮದು ಸೋಮವಾರಕ್ಕೆ ತೀರಬೇಕಿತ್ತು.

ಭಾನುವಾರ ಮಧ್ಯಾಹ್ನ ಬಸ್ಸಿಳಿದು ಬಂದರೆ ಶೆಡ್ಡುಗಳ ತುಂಬ ಹೊಗೆ. ಗೌರಾಬಾಯಿಯ ಜೊತೆಗೇ ಪಾಳಿಗೆ ಹೋಗುವ ತಂಗಿ ಸಪ್ನಾ ಅಕ್ಕನ ಒಲೆಯ ಪಕ್ಕದಲ್ಲೇ ಮೂರು ಇಟ್ಟಿಗೆಯಿಟ್ಟು ಒಲೆ ಹೂಡಿದ್ದಳು.

"ಅಕ್ಕನ ಕೂಡ ಜಗಳ ಆಗ್ಯಾದ. ನಾ ಬ್ಯಾರೆ ಆಗೀನಿ," ಎಂದಳು ನಗುತ್ತ. ಆಮೇಲೆ, "ಅಕ್ಕಾ, ಒಂಚೂರು ಉಪ್ಪು ಕೊಡು."

ಅರ್ಧ ಶೆಡ್ಡುಗಳ ಮುಂದೆ ಅದೇ ಜಗಳ, ಅದೇ ನಗು. ಅಂಬಾರಾಯ ಕಾಕಾ ತಲೆ ಚಚ್ಚಿಕೊಂಡರು. "ಇಟ್ಟಂಗಿ ಎಲ್ಲಿಂದ ತಂದ್ರಿ ಅಂತ ನಾ ಕೇಳಂಗಿಲ್ಲ. ಆದ್ರ ದಿನಾ ಅಡಿಗಿ ಆಗಬೇಕು. ತಣ್ಣನ ಒಲಿಗೆ ಓಟಿಲ್ಲ!"

ಮತ್ತೆ ಎಣಿಸಿದೆ. ಮೂವತ್ತೆರಡು ಒಲೆ. ಆರಕ್ಕೆ ಹದಿನಾರು, ಹತ್ತಕ್ಕೆ ಹದಿನಾರು.

ನಾನು ಮೂರು ಇಟ್ಟಿಗೆ ತಂದೆ. ಅವ್ವ ನೋಡಿದಳು. ನಮ್ಮಲ್ಲಿ ಒಲೆ ಬೇರೆಯಾದರೆ ಮನೆ ಬೇರೆಯಾದಂತೆ.

"ನಾ ಇನ್ನಾ ಜೀವಂತ ಇದೀನಿ. ಈಗೇ ಬ್ಯಾರೆ ಆಗ್ತಿ?"

"ನೀರಿಗಾಗಿ ಅವ್ವಾ. ಎಲ್ಲಾರೂ ಮಾಡ್ಯಾರ."

"ಅವರು ಆಟ ಆಡ್ಲಿಕತ್ತಾರ. ನಿನಗ ಆಟ ಬರಂಗಿಲ್ಲ. ನೀ ಮಾಡಿದ್ರ ಖರೇನೇ ಮಾಡ್ತಿ."

ನಾನು ಇಟ್ಟಿಗೆ ಜೋಡಿಸಿದೆ. ಹೊಸ ಒಲೆಯಲ್ಲಿ ಅನ್ನಕ್ಕಿಟ್ಟೆ. ಅವ್ವ ಆ ಅನ್ನ ಮುಟ್ಟಲಿಲ್ಲ.

ಸೋಮವಾರ ಸಂಜೆ ಎರಡು ಕೊಡಗಳಿಗೆ ಒಲೆಗೊಂದರಂತೆ ಕಲ್ಲು ಬಿದ್ದವು. ಕಾಕಾ ನೆಲದ ಮೇಲೆ ಸುರುವಿ ಎಣಿಸಿದರು. ಆರಕ್ಕೆ ಹದಿನೇಳು, ಹತ್ತಕ್ಕೆ ಹದಿನಾರು.

ಪಾಳಿಗೆ ಹೊರಟಿದ್ದ ಗೌರಾಬಾಯಿ ನನ್ನ ಮುಂದೆ ನಿಂತಳು. "ನಿಂದೊಂದೇ ಹೆಚ್ಚಾತು ನೋಡವ್ವಾ. ರಾತ್ರಿಯಿಡೀ ಮಷಿನ್ ಮುಂದ ನಿಂತು ಬಂದು ನಾವು ಏನು ಕುಡೀಬೇಕು?"

ಅವಳು ಬೈದಿದ್ದರೆ ಸುಲಭವಾಗುತ್ತಿತ್ತು. ಗೆದ್ದವಳು ನಾನು. ಆದರೆ ಮೇಡಂ ಹೇಳಿದ್ದರಲ್ಲಿ ಯಾವುದರ ಪ್ರಕಾರ ಗೆದ್ದೆ? ತಲೆಗೊಂದು ಓಟಿದ್ದರೆ ಏನಾಗುತ್ತಿತ್ತೋ. ಕೂತು ಮಾತಾಡುವುದಂತೂ ಯಾರಿಗೂ ಹೊಳೆದಿರಲಿಲ್ಲ. ಇಟ್ಟಿಗೆ ಹುಡುಕುವುದರಲ್ಲೇ ಇದ್ದೆವು.

ಮಂಗಳವಾರ ಆರಕ್ಕೆ ಟ್ಯಾಂಕರು ಬಂತು. ನಮ್ಮ ನಾಲ್ಕು ಕೊಡ ತುಂಬಿಕೊಂಡೆ. ಬೀಗ ಹಾಕಿದ ಗೌರಾಬಾಯಿಯ ಶೆಡ್ಡಿನ ಮುಂದೆ ಎರಡು ಖಾಲಿ ಕೊಡ ಮಗುಚಿಟ್ಟಿದ್ದವು. ಅವನ್ನೂ ತಂದು ಪೈಪಿನ ಕೆಳಗಿಟ್ಟೆ.

"ಏ, ಸೋತವರ ಕೊಡ ಯಾಕ ತುಂಬ್ತಿ?" ಹಿಂದೆ ನಿಂತವಳು ಕೂಗಿದಳು. "ಮತ್ತ ಓಟು ಯಾಕ ಹಾಕಿದ್ವಿ?"

ನಾನು ಕೊಡ ತೆಗೆಯಲಿಲ್ಲ. ಅವು ತುಂಬುವವರೆಗೂ ನೆಲ ನೋಡುತ್ತ ನಿಂತಿದ್ದೆ.

ಮರಳಿ ಬಂದರೆ ಅವ್ವನ ಒಲೆ ಆರಿತ್ತು. ನನ್ನ ಒಲೆ ಉರಿಯುತ್ತಿತ್ತು. ಅದರ ಮುಂದೆ ಅವ್ವ ಸೊಂಟ ಹಿಡಿದುಕೊಂಡು ಕೂತು ಚಹಾ ಕುದಿಸುತ್ತಿದ್ದಳು.

"ತಣ್ಣನ ಒಲಿಗೆ ಓಟಿಲ್ಲ ಅಂದಾರಲ್ಲ," ಎಂದಳು, ನನ್ನ ಮುಖ ನೋಡದೆ.

ಚಹಾ ಕುಡಿದು ಬಸ್ಸು ಹತ್ತಿದೆ. ಕುಡಿದದ್ದು ಅವ್ವನ ಮನೆಯಲ್ಲೋ ನನ್ನ ಮನೆಯಲ್ಲೋ ಎಂದು ಶಿವಾಜಿನಗರ ಬರುವವರೆಗೂ ಯೋಚಿಸಿದೆ.