ತಪ್ಪಿ ಕೂತ ತೋಳು

ಗಾರ್ಮೆಂಟ್ಸಿನಲ್ಲಿ ಎಲ್ಲರೂ ಅವಳನ್ನು ತೋಳಮ್ಮ ಎಂದೇ ಕರೆಯುತ್ತಿದ್ದರು. ಅಂಗಿಗೆ ತೋಳು ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಅಂಥವಳು ಈ ವಾರ ಎಡಗಡೆಯ ತೋಳನ್ನು ಬಲಕ್ಕೆ ಹೊಲಿಯತೊಡಗಿದ್ದಳು. ಬಿಚ್ಚಿ ಹೊಲಿದರೂ ಮತ್ತೆ ಅದೇ.

ಆ ಲೈನಿನ ಸೂಪರ್‌ವೈಸರ್ ಅವಳ ಸ್ವಂತ ಅಕ್ಕ. ಅಮ್ಮ ಸತ್ತ ಮೇಲೆ ಎದೆಗವಚಿಕೊಂಡು ಸಾಕಿದವಳು. ಬ್ಯಾಚು ಮುಗಿಯುವ ತನಕ ಯಾರೂ ಏಳಬಾರದೆಂದು ಟಾಯ್ಲೆಟ್ಟಿಗೆ ಬೀಗ ಜಡಿದು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳೂ ಅವಳೇ. ಬಸುರಿಯೊಬ್ಬಳು ಆ ಬಾಗಿಲ ಮುಂದೆಯೇ ಕುಸಿದಳು. ಅಕ್ಕ ಬೀಗ ಹಾಕಿದ್ದನ್ನೂ ಇದನ್ನೂ ಕಣ್ಣಾರೆ ನೋಡಿದ್ದು ತೋಳಮ್ಮ ಒಬ್ಬಳೇ. ಈ ಬಗ್ಗೆ ಶುಕ್ರವಾರ ನಡೆಯಲಿದ್ದ ವಿಚಾರಣೆಯಲ್ಲಿ ಬಾಯಿಬಿಟ್ಟರೆ ಅಕ್ಕನ ಕೆಲಸ ಹೋಗುತ್ತದೆ; ಬಿಡದಿದ್ದರೆ ತಪ್ಪೆಲ್ಲ ಬಸುರಿಯ ತಲೆಗೆ.

ಕೈ ಹೀಗೆ ತಪ್ಪುತ್ತಿರುವುದನ್ನು ಕಂಡು ಯೂನಿಯನ್ನಿನವರು ಅವಳನ್ನು ಮನೋವೈದ್ಯೆಯ ಬಳಿ ಕಳಿಸಿದರು.

"ತೋಳು ತಪ್ಪಿದ್ರೆ ಬೈಸ್ಕೊಳ್ಳೋದು ಯಾರು?"

"ಅಕ್ಕ. ಲೈನು ಅವಳದಲ್ವಾ."

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಅಕ್ಕನಿಗೆ ಬೈಗುಳ ಬೀಳಲೆಂದೇ ಕೈ ಹೀಗೆ ಮಾಡುತ್ತಿದೆಯೇ? ಅಥವಾ ಶುಕ್ರವಾರಕ್ಕೆ ಮೊದಲೇ ತನ್ನನ್ನು ಹೊರದಬ್ಬಲಿ, ಸಾಕ್ಷಿಯ ಕಾಟವೇ ತಪ್ಪಲಿ ಎಂದೇ? ಎರಡೂ ಇರಬಹುದು, ಒಂದು ಮನಸ್ಸು ಹಲ್ಲು ಕಡಿಯುತ್ತದೆ, ಇನ್ನೊಂದು ಕಾಲು ಹಿಡಿಯುತ್ತದೆ, ಇದು ನಿಮ್ಮ ಒಳಗಿನ ಜಗಳ ಎಂದರು ವೈದ್ಯೆ. ಒಳಗಿನದೇ ಇರಲಿ, ಒಳಗೆ ತಂದಿಟ್ಟವರು ಯಾರು ಎಂದುಕೊಂಡಳು ತೋಳಮ್ಮ. ಬೀಗ ಕೊಳ್ಳಲು ಅಕ್ಕನಿಗೆ ಹೇಳಿದ ಮ್ಯಾನೇಜರನ ಎಡ ಬಲ ಎಂದೂ ತಪ್ಪಿರಲಿಲ್ಲ. ಅವನಿಗೆ ಮನೋವೈದ್ಯರೂ ಬೇಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಂಗಿಗೆ ಜಡೆ ಹಾಕುತ್ತ ಅಕ್ಕ ಕೆಣಕಿದಳು. "ಕೈಗೆ ಎಡ ಬಲ ಮರೆತುಹೋಗಿದೆ. ಇವತ್ತು ಬಾಯಿಗೂ ಮರೀಬಹುದೇನೋ."

"ಮರೀಲಿ ಅಂತಾನಾ?"

ಅಕ್ಕ ಜಡೆ ಬಿಗಿದಳು. ನೋವಾದರೂ ತಲೆಯನ್ನು ಆ ಕೈಗಳಿಗೇ ಒರಗಿಸಬೇಕೆನಿಸಿತು. ಕೊಡವಿ ಏಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಕೂತಳು.

ವಿಚಾರಣೆಯ ಅಧಿಕಾರಿ ಬೀಗ ಹಾಕಿದ್ದು ಯಾರೆಂದು ಕೇಳಿದಾಗ ಅವಳ ನಾಲಿಗೆ ತಡವರಿಸಲಿಲ್ಲ.

"ಹಾಕಿದ್ದು ನಮ್ಮಕ್ಕ. ಹಾಕ್ಸಿದ್ದು ನಿಮ್ಮ ಪಕ್ಕ ಕೂತಿರೋರು."

ಮ್ಯಾನೇಜರ್ ಕರವಸ್ತ್ರ ಹುಡುಕಿದ. ಅಕ್ಕ ನೆಲ ನೋಡಿದಳು. ತೋಳಮ್ಮನಿಗೆ ಎದೆ ಹಗುರವಾಯಿತು, ಆದರೂ ಅಕ್ಕನತ್ತ ತಿರುಗಿ ನೋಡಲಾಗಲಿಲ್ಲ.

ಬಸ್‌ಸ್ಟಾಪಿನಲ್ಲಿ ಅಕ್ಕ ಕೇಳಿದ್ದು ಇಷ್ಟೇ. "ಸಮಾಧಾನ ಆಯ್ತಾ?"

"ಗೊತ್ತಾಗ್ತಿಲ್ಲಕ್ಕ. ಆ ಬಸುರಿಗೋಸ್ಕರ ಹೇಳಿದ್ನೋ, ನಿನ್ನ ಮೇಲಿನ ಸಿಟ್ಟಿಗೆ ಹೇಳಿದ್ನೋ."

ಬಸ್ಸು ಬಂತು. ಅಕ್ಕ ಎಂದಿನಂತೆ ಇಬ್ಬರ ಟಿಕೆಟ್ಟನ್ನೂ ತಾನೇ ಕೊಂಡಳು. ಆಮೇಲೆ ಹೋಗಿ ಬೇರೆ ಸೀಟಿನಲ್ಲಿ ಕೂತಳು.